ಕಾಲಪ್ರಯಾಣದ ಹಳೇ ಸಿನಿಮಾ, ಕಮ್ಮಿ ದುಡ್ಡಿನ ರೀಮೇಕ್: ಕೆಟ್ಟಿದ್ದು ದುಡ್ಡಿಂದಲೇನಾ?

ಗೋಣಿಕೊಪ್ಪ ಸ್ಟುಡಿಯೋ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಹೊಟ್ಟೆಪಾಡು. ಸೈನ್ಸ್ ಫಿಕ್ಷನ್ ಸಿನಿಮಾ ಅಂದರೆ ಪ್ರಾಣ. ಇಲ್ಲಿನ ಪಿಯು ಮಕ್ಕಳು ಕೆಲವರು ಕಾಲಪ್ರಯಾಣದ ಮೇಲೆ ಒಂದು ಕಿರುಚಿತ್ರ ಮಾಡ್ತೀವಿ, ಕ್ಯಾಮೆರಾ ನೀವೇ ಹಿಡೀಬೇಕು ಅಕ್ಕ ಅಂತ ಬಂದಿದ್ದಾರೆ. ಅವರ ಕೈಯಲ್ಲಿ ದುಡ್ಡಿಲ್ಲ. ಅದಕ್ಕೇ ಕಮ್ಮಿ ದುಡ್ಡಲ್ಲಿ ಮಾಡಿದ ಹಳೇ ಸಿನಿಮಾಗಳನ್ನು ಹುಡುಕಿ ನೋಡುತ್ತಾ ಇದ್ದೇನೆ.

ಹಾಗೆ ನೋಡಿದ ಒಂದು ಜೋಡಿಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮೊದಲನೆಯದು 1964ರ 'ದ ಟೈಮ್ ಟ್ರಾವೆಲರ್ಸ್'. ನಿರ್ದೇಶಕ ಇಬ್ ಮೆಲ್ಕಿಯೋರ್. ಎರಡನೆಯದು 1967ರ 'ಜರ್ನಿ ಟು ದ ಸೆಂಟರ್ ಆಫ್ ಟೈಮ್'. ನಿರ್ದೇಶಕ ಡೇವಿಡ್ ಹೆವಿಟ್. ಎರಡನೆಯದನ್ನು ಮೊದಲನೆಯದರ ರೀಮೇಕ್ ಅಂತಲೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಹೆವಿಟ್ ಹೊರಗಿನವರೇನಲ್ಲ. ಮೊದಲ ಸಿನಿಮಾದ ಕಥೆಯಲ್ಲಿ ಅವರ ಪಾಲೂ ಇತ್ತು, ಸ್ಪೆಷಲ್ ಎಫೆಕ್ಟ್ಸ್ ಕೆಲಸವೂ ಅವರದ್ದೇ. ಅಂದರೆ ತಮ್ಮದೇ ಕಥೆಯನ್ನು ಮೂರು ವರ್ಷದ ಮೇಲೆ ಇನ್ನೂ ಕಮ್ಮಿ ದುಡ್ಡಲ್ಲಿ ಮತ್ತೆ ಮಾಡಿದ್ದಾರೆ.

ನೋಡಿದವರೆಲ್ಲ ಹೇಳುವುದು ಒಂದೇ ಮಾತು. "ದುಡ್ಡಿರಲಿಲ್ಲ, ಅದಕ್ಕೇ ಚೆನ್ನಾಗಿಲ್ಲ." ನನಗೆ ಈ ಮಾತು ಸರಿ ಅನ್ನಿಸಲ್ಲ. ಮೊದಲನೆಯದೂ ದೊಡ್ಡ ದುಡ್ಡಿನ ಸಿನಿಮಾ ಅಲ್ಲ. ಸೆಟ್ ನೋಡಿದರೇ ಗೊತ್ತಾಗುತ್ತದೆ, ಒಂದೇ ಗುಹೆಯನ್ನು ಬೇರೆ ಬೇರೆ ಕಡೆಯಿಂದ ತೋರಿಸಿದ್ದಾರೆ. ಆದರೂ ಅದು ನನ್ನನ್ನು ಹಿಡಿದು ಕೂರಿಸಿತು. ಎರಡನೆಯದು ಕೂರಿಸಲಿಲ್ಲ. ಯಾಕೆ ಅಂತ ಯೋಚನೆ ಮಾಡಿದೆ.

ಮೊದಲನೆಯದರಲ್ಲಿ ಒಂದು ಪ್ರಯೋಗಶಾಲೆ. ವಿಜ್ಞಾನಿಗಳು ಬೇರೆ ಕಾಲವನ್ನು ನೋಡಲಿಕ್ಕೆ ಒಂದು ಪರದೆ ಮಾಡಿದ್ದಾರೆ. ಅದರಲ್ಲಿ ಕಲ್ಲು ಮಣ್ಣಿನ ಒಂದು ಬೋಳು ಜಾಗ ಕಾಣಿಸುತ್ತದೆ. ಸುಮ್ನೆ ಚಿತ್ರ ಅಂತ ಎಲ್ಲರೂ ಅಂದುಕೊಂಡಿರುವಾಗ ಲೈಟಿನ ಕೆಲಸದ ಹುಡುಗ ಹತ್ತಿರ ಹೋಗಿ ಕಾಲಿಡುತ್ತಾನೆ. ಕಾಲು ಆಚೆ ಹೋಗುತ್ತದೆ! ಅವನು ಅತ್ತ ಇಳಿದು ಓಡಾಡುತ್ತಾನೆ. ಅದು ಚಿತ್ರ ಅಲ್ಲ, ಬಾಗಿಲು. ಆಚೆ ಇರುವುದು 107 ವರ್ಷ ಮುಂದಿನ ಭೂಮಿ, 2071. ಅಣುಯುದ್ಧ ಆಗಿ ಎಲ್ಲ ಹಾಳಾಗಿದೆ. ಉಳಿದ ಜನ ಭೂಮಿಯ ಒಳಗೆ ಬದುಕುತ್ತಾ, ಬೇರೆ ಕಡೆ ಹೋಗಲಿಕ್ಕೆ ರಾಕೆಟ್ ಕಟ್ಟುತ್ತಿದ್ದಾರೆ. ಹುಡುಗನ ಹಿಂದೆ ವಿಜ್ಞಾನಿಗಳೂ ಅಲ್ಲಿಗೆ ಹೋಗುತ್ತಾರೆ. ಈ ಒಂದು ಹೆಜ್ಜೆಗೆ ಎಷ್ಟು ಖರ್ಚಾಗಿರಬಹುದು ಹೇಳಿ? ಒಂದು ಚೌಕಟ್ಟು, ಈಚೆ ಒಂದು ಬೆಳಕು, ಆಚೆ ಇನ್ನೊಂದು ಬೆಳಕು. ನನ್ನ ಹತ್ತಿರ ಇರುವ ಲೈಟಲ್ಲೇ ಮಾಡಬಹುದು.

ರೀಮೇಕಿನಲ್ಲಿ ಈ ಬಾಗಿಲನ್ನೇ ತೆಗೆದುಬಿಟ್ಟಿದ್ದಾರೆ. ಜನ ಯಂತ್ರದ ಒಳಗೆ ಇರುತ್ತಾರೆ, ಯಂತ್ರವೇ ಕಾಲದಲ್ಲಿ ಓಡುತ್ತದೆ. ಮೊದಲು ಮುಂದಕ್ಕೆ, 6968ನೇ ಇಸವಿಗೆ. ಆಮೇಲೆ ಹಿಂದಕ್ಕೆ, ಡೈನೋಸಾರ್ ಕಾಲಕ್ಕೆ. ದಾರಿಯಲ್ಲಿ ಇವರು ನಿಂತು ಪರದೆ ನೋಡುತ್ತಾರೆ. ಪರದೆಯಲ್ಲಿ ಬೇರೆ ಎಲ್ಲಿಂದಲೋ ತಂದ ಯುದ್ಧದ ತುಣುಕು. ಮತ್ತೆ ಇವರ ಮುಖ. ಮತ್ತೊಂದು ತುಣುಕು. ಮತ್ತೆ ಮುಖ. ಇದು ಹೇಗೆ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ನನ್ನ ಎಡಿಟಿಂಗ್ ಟೇಬಲ್ಲಿನ ಕೆಲಸ ಇದು. ಮಳೆ ಬಂದು ಮದುವೆಯ ಔಟ್‌ಡೋರ್ ಕೆಟ್ಟರೆ ನಾವು ರಾಜಾಸೀಟಿನ, ಅಬ್ಬಿ ಫಾಲ್ಸಿನ ಹಳೇ ಶಾಟ್ ಸೇರಿಸುತ್ತೇವೆ. ಮಧ್ಯೆ ಮದುಮಕ್ಕಳ ನಗುಮುಖ. ಜೋಡಿ ಅಲ್ಲಿಗೆ ಹೋಗಿದ್ದರು ಅನ್ನುವ ಹಾಗೆ ಕಾಣಿಸುತ್ತದೆ. ಅರ್ಧ ನಿಮಿಷಕ್ಕೆ ಇದು ಸಾಕು. ಅದನ್ನೇ ಎಳೆದರೆ ನೋಡುವವರ ಕೈ ಮೊಬೈಲಿಗೆ ಹೋಗುತ್ತದೆ.

ನನಗೆ ಅನ್ನಿಸುವುದು ಇಷ್ಟು. ಮೊದಲ ಸಿನಿಮಾದವರು ಬೇರೆ ಕಾಲದ ಒಳಗೆ ನಡೆದು ಹೋಗುತ್ತಾರೆ. ರೀಮೇಕಿನವರು ನಮ್ಮ ಹಾಗೆ ಕೂತು ನೋಡುತ್ತಾರೆ. ನೋಡುವವರನ್ನು ನೋಡಲಿಕ್ಕೆ ಯಾರಿಗೆ ಆಸಕ್ತಿ ಇರುತ್ತದೆ? ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ.

ನೀವು ಏನಂತೀರಿ? ಎರಡೂ ನೋಡಿದವರು, ಒಂದೇ ನೋಡಿದವರು, ಯಾರಾದರೂ ಸರಿ, ಬರೆಯಿರಿ. ಮಕ್ಕಳಿಗೆ ಯಾವುದನ್ನು ತೋರಿಸಲಿ ಅಂತಲೂ ಹೇಳಿ.

ಮೂರ್ನಾಡಿನವ

ಅಕ್ಕ, ನಾನು ರೀಮೇಕ್ ಪರ. ನಾನು ನೋಡಿದ್ದು ಅದನ್ನೇ ಮೊದಲು, ಅದಕ್ಕೂ ಇರಬಹುದು.

ಅದರಲ್ಲಿ ಒಂದು ಒಳ್ಳೇ ಗಂಟು ಇದೆ. ಪ್ರಯೋಗಶಾಲೆಗೆ ದುಡ್ಡು ಹಾಕಿದ ಅಪ್ಪ ತೀರಿಹೋಗಿ ಮಗನ ಕೈಗೆ ಅಧಿಕಾರ ಬಂದಿದೆ. ಮಗ ಬಂದು 24 ಗಂಟೆಯಲ್ಲಿ ಏನಾದರೂ ಮಾಡಿ ತೋರಿಸಿ, ಇಲ್ಲ ಅಂದರೆ ದುಡ್ಡು ನಿಲ್ಲಿಸ್ತೀನಿ ಅನ್ನುತ್ತಾನೆ. ಅದಕ್ಕೇ ಅವರು ಯಂತ್ರವನ್ನು ಮಿತಿ ಮೀರಿ ಓಡಿಸುವುದು, ಅದಕ್ಕೇ ಸಿಕ್ಕಿಹಾಕಿಕೊಳ್ಳುವುದು. ನಮ್ಮ ಕಡೆ ಅಪ್ಪ ಹೋದ ಮೇಲೆ ತೋಟದ ಲೆಕ್ಕ ಮಗನ ಕೈಗೆ ಬಂದಾಗ ಏನೇನು ಆಗುತ್ತದೆ ಅಂತ ನೋಡಿದವರಿಗೆ ಆ ಪಾತ್ರ ಕೂಡಲೇ ಅರ್ಥ ಆಗುತ್ತದೆ. ಸ್ಕಾಟ್ ಬ್ರೇಡಿ ಚೆನ್ನಾಗಿ ಮಾಡಿದ್ದಾರೆ. ಆ ಮನುಷ್ಯ ಪರದೆಯ ಮೇಲೆ ಬಂದರೆ ಸಾಕು, ನನಗೆ ಸಿಟ್ಟು ಬರುತ್ತಿತ್ತು. ಮೊದಲ ಸಿನಿಮಾದಲ್ಲಿ ಇಷ್ಟು ಗಟ್ಟಿ ಕೆಟ್ಟವನು ಇಲ್ಲ.

ಇನ್ನೊಂದು, ಹಿರಿಯ ವಿಜ್ಞಾನಿ ಆಗಿ ಬರುವ ಅಬ್ರಹಾಂ ಸೋಫೇರ್. ಆ ದನಿ ಕೇಳಿದ್ದೀರಲ್ಲ? ಅವರು ಹುಟ್ಟಿದ್ದು ಬರ್ಮಾದ ರಂಗೂನಿನಲ್ಲಿ, 1896ರಲ್ಲಿ. ನಾಟಕದಲ್ಲಿ ಪಳಗಿದವರು. ಇಡೀ ಸೆಟ್ ಬಣ್ಣ ಬಳಿದ ಹಲಗೆ ಅಂತ ಕಾಣುತ್ತಿದ್ದರೂ ಅವರು ಮಾತಾಡುವಾಗ ನಂಬುತ್ತೇವೆ. ಕಾಲದ ದಾರಿಯಲ್ಲಿ ಎದುರಿನಿಂದ ಇನ್ನೊಂದು ಯಂತ್ರ ಬರುತ್ತದಲ್ಲ, ಡಿಕ್ಕಿ ಆಗುತ್ತದೆ ಅನ್ನುವ ಭಯ, ಅದೂ ನನಗೆ ಇಷ್ಟ. ನೋಡದವರಿಗಾಗಿ ಜಾಸ್ತಿ ಹೇಳಲ್ಲ.

ಪರದೆ ನೋಡುವ ದೃಶ್ಯ ಉದ್ದ ಆಯಿತು ಅನ್ನುವುದು ಒಪ್ಪಿದೆ. ಅದನ್ನು ಕತ್ತರಿಸಿದ್ದರೆ ಮರ್ಯಾದೆಯ ಸಿನಿಮಾ.

ಮಡಿಕೇರಿ ಮಂಟಪ

ಮೇಡಂ, ನಾನು ದಸರಾ ಮಂಟಪದ ಕೆಲಸದವನು. ಮಂಟಪ ಅಂದರೆ ಟ್ರ್ಯಾಕ್ಟರ್ ಮೇಲೆ ಮೂರ್ತಿಗಳನ್ನು ಆಡಿಸಿ ದೇವರ ಕಥೆ ತೋರಿಸುವುದು. ವಿಜಯದಶಮಿ ರಾತ್ರಿ ಹೊರಡುವ ಹತ್ತು ಮಂಟಪಗಳಲ್ಲಿ ಒಂದರ ಲೈಟು, ಹೊಗೆ, ಮೂರ್ತಿ ಆಡಿಸುವ ಮೋಟಾರು ನಮ್ಮ ಗುಂಪಿನದ್ದು. ನೀವು ಬರೆದದ್ದು ಓದಿ 1964ರ ಸಿನಿಮಾ ನಿನ್ನೆ ನೋಡಿದೆ. ಅದರ ಬಗ್ಗೆ ನನಗೆ ಹೇಳಲೇಬೇಕಾದದ್ದು ಇದೆ.

ಭೂಮಿಯ ಒಳಗೆ ಬದುಕುವ ಆ ಜನ ಆಂಡ್ರಾಯ್ಡ್‌ಗಳನ್ನು ಮಾಡಿಕೊಂಡಿದ್ದಾರೆ. ಮನುಷ್ಯರ ಹಾಗೆ ಕೈಕಾಲು, ಮುಖ ಮಾತ್ರ ಬೋಳು. ಒಂದು ಆಂಡ್ರಾಯ್ಡಿನ ತಲೆ ತೆಗೆದು ಬೇರೆ ತಲೆ ಇಡುತ್ತಾರೆ. ನಮ್ಮ ಕಣ್ಣೆದುರೇ! ಅದು ಫಿಲಂ ಕತ್ತರಿಸಿ ಅಂಟಿಸಿದ ಎಫೆಕ್ಟ್ ಅಲ್ಲ. ವೇದಿಕೆಯ ಮೇಲೆ ಜಾದೂಗಾರರು ಮಾಡುವ ಕೈಚಳಕ. ಆ ಸಿನಿಮಾ ಪೂರ್ತಿ ಇಂಥ ಜಾದೂ ತುಂಬಿದೆ. ನಾನು ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಮತ್ತೆ ನೋಡಿದೆ.

ನಮ್ಮ ಮಂಟಪದಲ್ಲೂ ಇದೇ ಕಷ್ಟ. ದೇವಿ ಅಸುರನ ತಲೆ ಕತ್ತರಿಸಬೇಕು, ತಲೆ ಉರುಳಬೇಕು, ಅಲ್ಲಿಂದ ಇನ್ನೊಬ್ಬ ಎದ್ದು ಬರಬೇಕು. ಜನ ಟ್ರ್ಯಾಕ್ಟರಿಗೆ ಒರಗಿಕೊಂಡೇ ನಿಂತಿರುತ್ತಾರೆ. ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಕಣ್ಣು ನಮ್ಮ ಮೂರ್ತಿಯ ಕುತ್ತಿಗೆಯ ಮಟ್ಟಕ್ಕೇ ಇರುತ್ತದೆ. ಅಲ್ಲಿ ಎಡಿಟಿಂಗ್ ಇಲ್ಲ, ರೀಟೇಕ್ ಇಲ್ಲ. ನಾವು ಏನು ಮಾಡುತ್ತೇವೆ ಅಂದರೆ, ಕತ್ತಿ ಎತ್ತುವಾಗ ಎಡಗಡೆ ಸಿಂಹದ ಬಾಯಿಂದ ಹೊಗೆ ಬಿಡುತ್ತೇವೆ. ಜೊತೆಗೆ ನಗಾರಿ. ಎಲ್ಲರ ಕಣ್ಣು ಸಿಂಹದ ಕಡೆ. ಅಷ್ಟರಲ್ಲಿ ಕುತ್ತಿಗೆಯ ಬೋಲ್ಟ್ ಕಳಚಿ ಆಗಿರುತ್ತದೆ. ಕಣ್ಣು ವಾಪಸ್ ಬರುವ ಹೊತ್ತಿಗೆ ತಲೆ ಕೆಳಗೆ. ಹೊಗೆಯನ್ನು ಅರ್ಧ ಸೆಕೆಂಡು ಬೇಗ ಬಿಟ್ಟರೂ ಕೆಲಸ ಕೆಟ್ಟಿತು. ಅದಕ್ಕಾಗಿ ತಿಂಗಳುಗಟ್ಟಲೆ ಪ್ರಾಕ್ಟೀಸ್.

ಆ ಸಿನಿಮಾ ಮಾಡಿದವರು ಇದೇ ಶ್ರದ್ಧೆಯಿಂದ ಮಾಡಿದ್ದಾರೆ. ರೀಮೇಕ್ ನಾನು ನೋಡಿಲ್ಲ, ಹಾಗಾಗಿ ಅದರ ಬಗ್ಗೆ ಮಾತಿಲ್ಲ. ಆದರೆ ಜಾದೂ ಗೊತ್ತಿದ್ದ ಅದೇ ಮನುಷ್ಯ ಎರಡನೇ ಸಲ ತುಣುಕು ಸೇರಿಸಿ ಮುಗಿಸಿದ್ದಾರೆ ಅಂತ ಓದಿ ಬೇಜಾರಾಯಿತು. ಕೈಯಲ್ಲಿ ವಿದ್ಯೆ ಇತ್ತಲ್ಲ.

ಮಕ್ಕಳಿಗೆ ಆ ತಲೆಯ ದೃಶ್ಯ ತಪ್ಪದೆ ತೋರಿಸಿ. ಹೇಗೆ ಮಾಡಿರಬಹುದು ಅಂತ ಅವರೇ ಕಂಡುಹಿಡಿಯಲಿ.

ಸಿದ್ದಾಪುರ ಗೃಹಿಣಿ

ನನ್ನ ಮಗಳೂ ಪಿಯುನಲ್ಲಿ ಓದುತ್ತಿದ್ದಾಳೆ. ಮಳೆಗೆ ಕರೆಂಟ್ ಹೋಗಿ ನಾನು ಹಳೇದನ್ನು ಅರ್ಧ ಮಾತ್ರ ನೋಡಿದ್ದು, ರಾಕೆಟ್ ಕಟ್ಟುವ ತನಕ. ಒಂದು ಪ್ರಶ್ನೆ. ಆ ವಿಕಾರ ಮುಖದ ಜನ ಬಂದು ಹೊಡೆಯುವುದೆಲ್ಲ ಮಕ್ಕಳಿಗೆ ತೋರಿಸುವ ಹಾಗಿದೆಯಾ? ಪಿಯು ಮಕ್ಕಳಿಗೆ ಪರವಾಗಿಲ್ಲ, ಚಿಕ್ಕವನಿಗೆ ಎಂಟು ವರ್ಷ, ಅವನೂ ಜೊತೆಗೆ ಕೂರುತ್ತಾನೆ. ಮತ್ತೆ ಆ ರಾಕೆಟ್ಟಿನಲ್ಲಿ ಇವರಿಗೆ ಜಾಗ ಕೊಡುತ್ತಾರಾ ಇಲ್ಲವಾ? ಅಷ್ಟು ಹೇಳಿ.

ಗೋಣಿಕೊಪ್ಪ ಸ್ಟುಡಿಯೋ

ಅಕ್ಕ, ಎಂಟು ವರ್ಷದವನಿಗೆ ಕೊನೆಯ ಹೊಡೆದಾಟ ಸ್ವಲ್ಪ ಜಾಸ್ತಿ ಆಗಬಹುದು. ಜೊತೆಗೆ ಕೂತುಕೊಳ್ಳಿ. ಜಾಗ ಕೊಡಲ್ಲ. ರಾಕೆಟ್ ಹೋಗುವುದು ಆಲ್ಫಾ ಸೆಂಟಾರಿ ಕಡೆಗೆ. ತೂಕ, ಊಟ, ಗಾಳಿ ಎಲ್ಲ ಲೆಕ್ಕ ಹಾಕಿ ಆಗಿದೆ, ನಿಮ್ಮನ್ನು ಕರೆದುಕೊಂಡು ಹೋಗಲಿಕ್ಕೆ ಆಗಲ್ಲ ಅನ್ನುತ್ತಾರೆ. ಯಾರೂ ಕೆಟ್ಟವರಲ್ಲ, ಆದರೂ ಬಿಟ್ಟು ಹೋಗಬೇಕು. ಮೂರ್ನಾಡಿನವರೇ, ಗಟ್ಟಿ ಕೆಟ್ಟವನಿಲ್ಲ ಅಂದಿರಲ್ಲ, ನನಗೆ ಅದೇ ಹೆಚ್ಚು ತಾಗಿದ್ದು. ಸಿಟ್ಟು ಮಾಡಿಕೊಳ್ಳಲಿಕ್ಕೆ ಒಬ್ಬ ಸಿಕ್ಕರೆ ನಮಗೆ ಹಗುರ ಆಗಿಬಿಡುತ್ತದೆ. ಆದರೂ ಅಪ್ಪ ಹೋದ ಮೇಲೆ ಬಂದ ಮಗ ಅನ್ನುವ ನಿಮ್ಮ ಮಾತು ಒಳ್ಳೆಯದು, ಅದನ್ನು ನಾನು ಅಷ್ಟು ಗಮನಿಸಿರಲಿಲ್ಲ.

ಮಂಟಪದ ಅಣ್ಣ, ಸಿಂಹದ ಹೊಗೆಯ ವಿಷಯ ಮಕ್ಕಳಿಗೆ ಓದಿ ಹೇಳಿದೆ. ಈಗ ಎಲ್ಲರೂ ನಿಮ್ಮನ್ನು ನೋಡಬೇಕು ಅಂತಿದ್ದಾರೆ.

ವಿರಾಜಪೇಟೆ ಮೇಷ್ಟ್ರು

ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಬಾಗಿಲಿನ ಮಾತು ಒಪ್ಪುತ್ತೇನೆ ತಾಯಿ. ಆದರೆ 1964ರ ಸಿನಿಮಾದ ಬಲ ಬಾಗಿಲಿನಲ್ಲಿ ಅರ್ಧ ಇದ್ದರೆ ಕೊನೆಯಲ್ಲಿ ಇನ್ನರ್ಧ ಇದೆ. ಅದನ್ನು ಯಾರೂ ಹೇಳಿಲ್ಲ. ಕಥೆಯ ಕೊನೆ ತಿಳಿಯಬಾರದು ಅನ್ನುವವರು ಮುಂದಿನ ಭಾಗ ಬಿಡಿ.

ರಾಕೆಟ್ ನಾಶ ಆಗುತ್ತದೆ. ಆಚೆ ಹೋಗಿದ್ದ ವಿಜ್ಞಾನಿಗಳು ಬಾಗಿಲು ದಾಟಿ ಪ್ರಯೋಗಶಾಲೆಗೆ ವಾಪಸ್ ಬರುತ್ತಾರೆ. ಬಂದರೆ ಅಲ್ಲಿ ಇವರೇ ಇದ್ದಾರೆ! ಮೊದಲ ದೃಶ್ಯದ ಇವರು. ಕೆಲಸ ಮಾಡುತ್ತಾ ನಿಂತಿದ್ದಾರೆ, ಆದರೆ ಕಲ್ಲಿನ ಹಾಗೆ ಅಲುಗಾಡುತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಗುತ್ತದೆ, ಅವರು ನಿಂತಿಲ್ಲ, ಇವರ ಕಾಲವೇ ಓಡುತ್ತಿದೆ. ಅವರು ಒಂದು ರೆಪ್ಪೆ ಬಡಿಯುವ ಹೊತ್ತಿಗೆ ಇವರ ಆಯಸ್ಸು ಎಷ್ಟೋ ಕಳೆದುಹೋಗುತ್ತದೆ. ಮನೆ ಸೇರಿದರು, ಆದರೆ ಬದುಕಲಿಕ್ಕೆ ಆಗಲ್ಲ. ಉಳಿದಿರುವ ದಾರಿ ಲಕ್ಷ ವರ್ಷ ಮುಂದಕ್ಕೆ ಹೋಗುವುದೊಂದೇ. ಆಮೇಲೆ ಸಿನಿಮಾ ಮೊದಲಿಂದ ಶುರುವಾಗುತ್ತದೆ. ಅದೇ ದೃಶ್ಯಗಳು, ಆದರೆ ತುಂಡು ತುಂಡಾಗಿ. ಮತ್ತೆ ಮೊದಲಿಂದ, ಇನ್ನೂ ಬೇಗ. ಮತ್ತೆ, ಇನ್ನೂ ಬೇಗ.

ಇದಕ್ಕೆ ಒಂದು ಅಡಿ ಹೊಸ ಫಿಲಂ ಬೇಕಿಲ್ಲ. ಆಗಲೇ ತೆಗೆದಿಟ್ಟದ್ದನ್ನೇ ಕತ್ತರಿಸಿ ಜೋಡಿಸಿದ್ದಾರೆ. ನಿಮ್ಮ ಎಡಿಟಿಂಗ್ ಟೇಬಲ್ಲಿನ ಕೆಲಸವೇ. ತುಣುಕು ಸೇರಿಸುವುದು ತಪ್ಪಲ್ಲ ಅಂತ ಇದರಿಂದ ತಿಳಿಯುತ್ತದೆ. ಇಲ್ಲಿ ತುಣುಕುಗಳೇ ಕಥೆ ಹೇಳುತ್ತವೆ, ರೀಮೇಕಿನಲ್ಲಿ ಅವು ಹೊತ್ತು ತುಂಬಿಸುತ್ತವೆ.

ಇಬ್ಬರ ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡುವುದು ಬರೀ ಕಟ್ಟುಕಥೆ ಅಂತ ಮಕ್ಕಳು ತಿಳಿದುಕೊಳ್ಳಬಾರದು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಅನ್ನುವ ಇಬ್ಬರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಇಟ್ಟುಕೊಂಡು ಭೂಮಿ ಸುತ್ತಿ ಬಂದರು. ಪೂರ್ವಕ್ಕೆ ಸುತ್ತಿದಾಗ ಆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಸುತ್ತಿದಾಗ ಸುಮಾರು 273 ನ್ಯಾನೋಸೆಕೆಂಡ್ ಮುಂದೆ ಹೋದವು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೋಸೆಕೆಂಡ್. ಸಿನಿಮಾದಲ್ಲಿ ಆಗುವಷ್ಟು ದೊಡ್ಡ ವ್ಯತ್ಯಾಸಕ್ಕೆ ವಿಜ್ಞಾನದ ಆಧಾರ ಇಲ್ಲ. ಆದರೆ ಕಾಲ ಎಲ್ಲರಿಗೂ ಒಂದೇ ಅಲ್ಲ ಅನ್ನುವುದು ನಿಜ. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದದ್ದು ಈ ಒಂದು ವಿಷಯಕ್ಕೆ.

ಇನ್ನು ರೀಮೇಕ್ ಅಂದರೆ ದುಡ್ಡಿನ ಲೆಕ್ಕ ಅನ್ನುವವರಿಗೆ ಉಲ್ಟಾ ಉದಾಹರಣೆ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ 'ಲಾ ಜೆತೇ' ಮಾಡಿದರು. 28 ನಿಮಿಷ. ಪೂರ್ತಿ ಸ್ಥಿರಚಿತ್ರಗಳು, ಮೇಲೆ ಒಂದು ದನಿ. ಒಂದೇ ಒಂದು ಕಡೆ ಚಿತ್ರ ಅಲುಗಾಡುತ್ತದೆ, ಮಲಗಿದ್ದ ಹೆಂಗಸು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ. ಅದನ್ನೇ ಇಟ್ಟುಕೊಂಡು 1995ರಲ್ಲಿ ಟೆರಿ ಗಿಲಿಯಂ ದೊಡ್ಡ ನಟರ '12 ಮಂಕೀಸ್' ಮಾಡಿದರು. ಅದೂ ಒಳ್ಳೆಯದೇ. ಆದರೆ ನಿಮ್ಮ ಮಕ್ಕಳಿಗೆ ಮೊದಲನೆಯದನ್ನು ತೋರಿಸಿ. ಫೋಟೋ ಕ್ಯಾಮೆರಾ ಒಂದಿದ್ದರೆ ಕಾಲಪ್ರಯಾಣದ ಸಿನಿಮಾ ಆಗುತ್ತದೆ. ಸ್ಟುಡಿಯೋ ಇರುವವರಿಗೆ ಇದಕ್ಕಿಂತ ಬೇರೆ ಧೈರ್ಯ ಬೇಕಾ?

ಮೂರ್ನಾಡಿನವ

ಮೇಷ್ಟ್ರೇ, ಕೊನೆ ಓದಿದ ಮೇಲೆ ಹಳೇದನ್ನು ಇವತ್ತೇ ಮತ್ತೆ ನೋಡ್ತೀನಿ. ದುಡ್ಡಿನ ಮಾತಿಗೆ ನನ್ನದೂ ಎರಡು ಹೆಸರು. 2004ರ 'ಪ್ರೈಮರ್', ಶೇನ್ ಕಾರುತ್ ಸುಮಾರು 7,000 ಡಾಲರಿನಲ್ಲಿ ಮಾಡಿದ್ದು. ಗ್ಯಾರೇಜು, ಬಾಡಿಗೆ ಗೋದಾಮು, ಒಂದು ಪೆಟ್ಟಿಗೆ, ಅಷ್ಟೇ. ಮತ್ತೆ ನಮ್ಮ ಕನ್ನಡದ್ದೇ 'ಬ್ಲಿಂಕ್', 2024ರದ್ದು, ಶ್ರೀನಿಧಿ ಬೆಂಗಳೂರು ನಿರ್ದೇಶನ. ಅದರಲ್ಲಿ ದೊಡ್ಡ ಯಂತ್ರ ಇಲ್ಲ, ರೆಪ್ಪೆ ಬಡಿಯುವುದರ ಸುತ್ತ ಕಥೆ ಕಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಇಂಥದ್ದು ಬಂತು ಅಂತ ಖುಷಿಗೆ ನಾನು ಸಿಕ್ಕವರಿಗೆಲ್ಲ ಹೇಳಿದ್ದೆ. ಮಕ್ಕಳು ಅದನ್ನೂ ನೋಡಲಿ ಅಕ್ಕ.

ಗೋಣಿಕೊಪ್ಪ ಸ್ಟುಡಿಯೋ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ತುಣುಕಿನ ಬಗ್ಗೆ ನೀವು ಹೇಳಿದ ಮೇಲೆ ನನ್ನ ಮಾತು ಇನ್ನೂ ಗಟ್ಟಿ ಆಯಿತು. ಹಳೇ ಸಿನಿಮಾ ಪೂರ್ತಿ ತೋರಿಸುತ್ತೇನೆ. ರೀಮೇಕಿನಿಂದ ಪರದೆ ನೋಡುವ ದೃಶ್ಯ ಒಂದು, ಸೋಫೇರ್ ಮಾತಾಡುವ ದೃಶ್ಯ ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ನಾನು ಬಾಯಿ ಬಿಡಬೇಕಿಲ್ಲ.

ಮಕ್ಕಳು ಆಗಲೇ ಜಾಗ ಹುಡುಕಿದ್ದಾರೆ. ಒಬ್ಬ ಹುಡುಗಿಯ ಕುಟುಂಬದ ಐನ್‌ಮನೆ, ಅಂದರೆ ಹಿರಿಯರ ಕಾಲದ ಮೂಲಮನೆ. ಮುಂಬಾಗಿಲ ಮರದ ಕೆತ್ತನೆ ಇನ್ನೂ ಚೆನ್ನಾಗಿದೆ. ಹೊಸ್ತಿಲು ಎಷ್ಟು ಎತ್ತರ ಅಂದರೆ ಯಾರೇ ಆಗಲಿ ಕಾಲು ಎತ್ತಿ ದಾಟಬೇಕು, ತಲೆ ಬಗ್ಗಿಸಬೇಕು. ದಾಟುವುದು ಅಂದರೆ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ, ಬಾಗಿಲೇ ಮಾಡಿಸುತ್ತದೆ. ಈಚೆ ಕಡೆ ಇವತ್ತಿನ ಮಳೆಯ ಬೂದು ಬೆಳಕು ಇಡುತ್ತೇನೆ. ಆಚೆ ಬೆಂಕಿಯ ಬಣ್ಣದ ಬೆಳಕು, ಜೊತೆಗೆ ಹೊಗೆ. ಕುಟುಂಬದ ಹಿರಿಯರು ಒಪ್ಪಿದ್ದಾರೆ. ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು, ತೂಗುದೀಪದ ಹತ್ತಿರ ಲೈಟ್ ಸ್ಟ್ಯಾಂಡ್ ಇಡಬಾರದು ಅಂದಿದ್ದಾರೆ. ಅದು ನ್ಯಾಯವೇ.

ಪುತ್ತರಿ ಹಬ್ಬಕ್ಕೆ ಮೊದಲೇ ಮುಗಿಸಬೇಕು. ಆಮೇಲೆ ಕಾಫಿ ಕುಯ್ಲು ಶುರುವಾದರೆ ಮನೆಯವರೂ ಸಿಗಲ್ಲ, ಮಕ್ಕಳನ್ನೂ ಕಣಕ್ಕೆ ಕರೆಯುತ್ತಾರೆ. ಮಂಟಪದ ಅಣ್ಣ, ದಸರಾ ಮುಗಿದ ಮೇಲೆ ಒಂದು ದಿನ ಹೊಗೆ ಮೆಷಿನ್ ಸಿಗುತ್ತದಾ? ಬಾಡಿಗೆ ಎಷ್ಟಾದರೂ ಹೇಳಿ, ಹೊಂದಿಸುತ್ತೇನೆ.

ಮಡಿಕೇರಿ ಮಂಟಪ

ಬಾಡಿಗೆ ಬೇಡ ಮೇಡಂ. ದಸರಾ ಆದ ಮೇಲೆ ಒಂದು ವಾರ ಬಿಡಿ, ಎಲ್ಲ ಬಿಚ್ಚಿ ಒರೆಸಿ ಇಡಬೇಕು. ಆಮೇಲೆ ಮೆಷಿನ್ ಜೊತೆಗೆ ನಾನೇ ಬರುತ್ತೇನೆ. ಹಳೇ ಮರದ ಮನೆ ಅಂದಿರಿ, ಹಾಗಾಗಿ ಎಣ್ಣೆ ಹೊಗೆ ಬೇಡ, ಮರಕ್ಕೆ ಜಿಡ್ಡು ಹಿಡಿಯುತ್ತದೆ. ನೀರಿನ ದ್ರಾವಣದ್ದು ತರುತ್ತೇನೆ. ಜನರೇಟರ್ ಮಾತ್ರ ನೀವು ನೋಡಿಕೊಳ್ಳಿ. ಮನೆಯಿಂದ ದೂರ ಇಡಿಸಿ, ಇಲ್ಲದಿದ್ದರೆ ಅದರ ಸದ್ದು ನಿಮ್ಮ ಮೈಕಿಗೆ ಬರುತ್ತದೆ.